ಹತ್ತಕ್ಕೆ ಆರು

ಐದನೇ ತಾರೀಖು, ಗುರುವಾರ
ಅಂಗಡಿಯಿಂದ

ಗುಂಡುಸೂಜಿಗೆ ದೊಡ್ಡಪ್ಪ ಬರೆಯುವುದು,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿ ಕೂರಿಸಿದ್ದೀಯಲ್ಲ, ನಿನಗೆ ಒಳ್ಳೆಯದಾಗಲಿ. ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡು ಸ್ಲೇಟನ್ನು ಬೆಂಚಿನ ಮೇಲೇ ಬಿಟ್ಟು ಬಂದವನು ನಾನು. ಆಮೇಲೆ ಬರೆದದ್ದೆಲ್ಲ ಬರೀ ಹೊಲಿಗೆ ಮೆಷಿನ್ ರಿಪೇರಿಯ ಚೀಟಿ. ಬೆಲ್ಟು ಹೊಸದು, ಬಾಬಿನ್ ಸರಿ ಮಾಡಿದೆ, ಎಣ್ಣೆ ಹಾಕಿದೆ, ಅಷ್ಟೇ. ನೀನು ಫೋನು ಎತ್ತಿದ್ದರೆ ಈ ಕೆಲಸ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಎತ್ತುವುದಿಲ್ಲ. ಅದಕ್ಕೇ ಈ ಶಿಕ್ಷೆ. ನಾನೂ ಬೇಗ ಬರೆಯಬೇಕಿತ್ತು, ತಡ ಮಾಡಿದೆ. ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಈಗ ನಾನೇನೂ ಮಾಡುವ ಹಾಗಿಲ್ಲ.

ನಾನು ಚೆನ್ನಾಗಿದ್ದೇನೆ. ಬಲಗಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ಎಡಗಣ್ಣಿಗೆ ಕಾಣುತ್ತದೆ. ಮೇಲಿನ ಮನೆಯವರು ನಲ್ಲಿ ರಿಪೇರಿ ಮಾಡಿಸಿದರು. ಮೊದಲು ಸೋರುತ್ತಿತ್ತು, ಈಗ ಕೂಗುತ್ತದೆ. ನಿನ್ನ ದೊಡ್ಡಮ್ಮನ ಹೊಲಿಗೆ ಕ್ಲಾಸಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಒಬ್ಬ ಬಂದಿದ್ದ. ಮೆಷಿನ್‌ಗಳನ್ನು ಎಲ್ಲಿಡ್ತೀರಿ ಅಂತ ಕೇಳಿದ. ನಿನ್ನ ತಲೆ ಮೇಲೆ ಅಂದೆ. ಹೋದ.

ನೀನು ಬೇರೆ ಊರಿನ ಆಸ್ಪತ್ರೆಯಲ್ಲಿ ಕತ್ತರಿ, ಇಕ್ಕಳ ಬೇಯಿಸುವ ಕೋಣೆಯಲ್ಲಿ ಕೆಲಸಕ್ಕಿದ್ದೀಯ ಅಂತ ಇಲ್ಲಿನ ಆಸ್ಪತ್ರೆಯ ದೊಡ್ಡ ಸಿಸ್ಟರ್ ಹೇಳಿದರು. ನರ್ಸಿಂಗ್ ಓದಿ ಕತ್ತರಿ ಬೇಯಿಸುವುದೇನು? ರೋಗಿಗಳ ಮುಖ ನೋಡಬಾರದು ಅಂತ ಹುಡುಕಿ ಹುಡುಕಿ ಆ ಕೋಣೆ ಹಿಡಿದಿದ್ದೀಯ, ನನಗೆ ಗೊತ್ತಾಗುವುದಿಲ್ಲವೆ?

ಸಿಸ್ಟರ್ ಹೋದ ಸೋಮವಾರ ಅಂಗಡಿಗೇ ಬಂದಿದ್ದರು. ಹರಿದ ಪರ್ಸು ತಂದು ಜಿಪ್ ಹಾಕಿಕೊಡಿ ಅಂದರು. ಜಿಪ್ ನನ್ನ ಕೆಲಸ ಅಲ್ಲ, ಅವರಿಗೂ ಗೊತ್ತು.

"ಯಜಮಾನ್ರೇ, ಅವಳು ನಮ್ಮ ಫೋನೂ ಎತ್ತಲ್ಲ. ನೀವಾದ್ರೂ ಒಂದು ಮಾತು ಹೇಳಿ."

"ನನ್ನ ಮಾತು ಕೇಳೋ ಹಾಗಿದ್ದಿದ್ರೆ ಅವಳು ಇಷ್ಟೊತ್ತಿಗೆ ಟೈಲರ್ ಆಗಿರ್ತಿದ್ದಳು."

"ತಮಾಷೆ ಬೇಡ. ಮುಂದಿನ ತಿಂಗಳಿಂದ ಮನೆಮನೆಗೆ ಹೋಗಿ ರೋಗಿಯ ಮನೆಯವರಿಗೆ ಕಲಿಸೋದು ಶುರು ಆಗ್ತಿದೆ. ಈ ಸಲ ಚೀಟಿ ಎತ್ತೋದಿಲ್ಲ, ಪರೀಕ್ಷೆ ಇಲ್ಲ, ಎಲ್ಲಾ ರೋಗಿಗಳಿಗೂ. ಅವಳಷ್ಟು ಚೆನ್ನಾಗಿ ಕಲಿಸೋರು ನನ್ನ ಹತ್ರ ಇನ್ನೊಬ್ಬರಿಲ್ಲ. ಇಪ್ಪತ್ತನೇ ತಾರೀಖಿನವರೆಗೂ ಅವಳ ಜಾಗ ಹಿಡಿದಿಟ್ಟಿರ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಇದು ಸಮಾಚಾರ. ಇಷ್ಟನ್ನೇ ಬರೆದು ಮಡಚಿ ಹಾಕಬಹುದಿತ್ತು. ಆದರೆ ಸಿಸ್ಟರ್ ಹೋದ ಮೇಲೆ ನನಗೆ ಕೆಲಸ ಹತ್ತಲಿಲ್ಲ. ಒಂದು ಮೆಷಿನ್ನಿನ ಹಲ್ಲುಚಕ್ರವನ್ನು ತಿರುಗುಮುರುಗಾಗಿ ಕೂರಿಸಿಬಿಟ್ಟೆ.

ದೊಡ್ಡಮ್ಮ ತೀರಿಕೊಂಡ ಮೇಲೆ ನೀನು ಊರು ಬಿಟ್ಟೆ. ಹೋಗುವ ದಿನ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ಅಂದದ್ದು ಒಂದೇ ಮಾತು. "ದೊಡ್ಡಮ್ಮ ಹತ್ತಕ್ಕೆ ಆರು ಅಂದ್ರೆ ಏನರ್ಥ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು, ದೊಡ್ಡಪ್ಪ?"

ಅರ್ಥವಾಗದೆ ಏನು. ನಿನ್ನ ದೊಡ್ಡಮ್ಮನ ಕ್ಲಾಸಿಗೆ ಬಂದ ಹುಡುಗಿಯರೆಲ್ಲ ಅವಳನ್ನು ನಾಲ್ಕು ಮಾರ್ಕಿನ ಟೀಚರ್ ಅಂತಲೇ ಕರೆಯುತ್ತಿದ್ದರು. ಕಾಲರು ಎಷ್ಟೇ ಚೆಂದ ಕೂತಿರಲಿ, ಹತ್ತಕ್ಕೆ ನಾಲ್ಕು. ಗುಂಡಿಯ ಕಾಜಾ ಸ್ವಲ್ಪ ಸೊಟ್ಟಗಾದರೆ ಎರಡು. ಮದುವೆಗೆ ಮುಂಚೆ ಕ್ಲಾಸಿನ ಮೆಷಿನ್ ರಿಪೇರಿ ಮಾಡಲು ಹೋದವನು ನಾನು, ಕೆಲಸ ಮುಗಿಸಿ ಹೇಗಿದೆ ಅಂತ ಕೇಳಿದೆ. ತುಳಿದು ನೋಡಿ "ನಾಲ್ಕು" ಅಂದಳು. ಮದುವೆಯಾದ ಮೇಲೂ ಅದು ಏರಲಿಲ್ಲ. ನಿನ್ನ ಅಮ್ಮ ತೀರಿಕೊಂಡು ನೀನು ನಮ್ಮ ಮನೆಗೆ ಬಂದಾಗ ಕಡ್ಡಿಯ ಹಾಗಿದ್ದೆ, ಮುಟ್ಟಿದರೆ ಚುಚ್ಚುತ್ತಿದ್ದೆ, ಅದಕ್ಕೇ ಗುಂಡುಸೂಜಿ ಅಂತ ಹೆಸರಿಟ್ಟಳು. ಅಂಥ ನೀನು ಹೊಲಿದ ಲಂಗದ ನೆರಿಗೆಗೆ ಅವಳು ಆರು ಕೊಟ್ಟಳು. ಅವಳ ಕ್ಲಾಸಿನಲ್ಲಿ ಯಾರಿಗೂ ಅದಕ್ಕಿಂತ ಮೇಲೆ ಬಂದಿರಲಿಲ್ಲ. ನೀನು ಆ ಲಂಗ ಉಟ್ಟುಕೊಂಡೇ ಮಲಗಿದ್ದೆ, ನೆರಿಗೆಯೆಲ್ಲ ಮುದುಡಿತು ಅಂತ ಬೆಳಿಗ್ಗೆ ಅತ್ತೆ.

ಅವಳ ಕ್ಯಾನ್ಸರ್ ಗಡ್ಡೆ ಬೆನ್ನುಮೂಳೆಗೆ ಹಬ್ಬಿದೆ, ಇನ್ನು ಮನೆಗೆ ಕರಕೊಂಡು ಹೋಗಿ ಅಂದ ದಿನವೇ ಆಸ್ಪತ್ರೆಯವರು ಆ ಪರೀಕ್ಷೆಯ ವಿಷಯ ಹೇಳಿದರು. ನೋವಿನ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ, ಯಾರು ಯಾವ ಗುಂಪು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಒಂದು ಗುಂಪಿನವರ ಮನೆಗೆ ನರ್ಸು ಬಂದು ನೋವು ಕಡಿಮೆ ಮಾಡುವ ಬಗೆಯನ್ನು ಮನೆಯವರಿಗೆಲ್ಲ ಕಲಿಸುತ್ತಾರೆ. ಇನ್ನೊಂದು ಗುಂಪಿಗೆ ಈಗ ಇರುವ ಹಾಗೇ ಮಾತ್ರೆ, ಒಂದು ಅಚ್ಚು ಹಾಕಿದ ಹಾಳೆ. ಎರಡೂ ಗುಂಪಿಗೆ ಸಂಜೆ ಫೋನು. ಸೊನ್ನೆಯಿಂದ ಹತ್ತರೊಳಗೆ ಇವತ್ತಿನ ನೋವಿಗೆ ಎಷ್ಟು ಕೊಡ್ತೀರಿ? ಏಳು ಮುಟ್ಟಿದರೆ ಕೇಸು ಡಾಕ್ಟರಿಗೆ ಹೋಗುತ್ತದೆ, ಅವರು ಔಷಧಿ ಹೆಚ್ಚಿಸುತ್ತಾರೆ, ಆಮೇಲಿಂದ ಸಂಜೆಯ ಫೋನೂ ಅವರದೇ.

ನಾನು ಬೇಡ ಅಂದೆ. ನಾವೇನು ಇಲಿಗಳಾ ಅಂತ ಕೂಗಾಡಿದೆ, ಆ ಚಿಕ್ಕ ಡಾಕ್ಟರ್ ಹೆದರಿ ಎದ್ದು ನಿಂತ. ಇವಳು ಹಾಸಿಗೆಯಲ್ಲೇ ನಕ್ಕಳು. "ಹೊಸ ದಾರ ತಂದ್ರೆ ನಾನೇನು ಮಾಡ್ತೀನಿ? ಹಳೇ ದಾರದಲ್ಲಿ ಒಂದು ತುಂಡು, ಹೊಸದರಲ್ಲಿ ಒಂದು ತುಂಡು ಹೊಲಿದು ಒಂದೇ ಬಕೆಟ್‌ನಲ್ಲಿ ನೆನೆ ಹಾಕ್ತೀನಿ. ಯಾವುದು ಸುಕ್ಕು ಬೀಳುತ್ತೆ ಅಂತ ಹಾಗಲ್ದೆ ಹೇಗೆ ಗೊತ್ತಾಗುತ್ತೆ? ರೀ, ಸುಮ್ನೆ ಕೂತ್ಕೊಳ್ಳಿ." ಅಂದು ರುಜು ಹಾಕಿದಳು. ಹಳೇ ದಾರದ ಗುಂಪು ಬಂತು, ಬರೀ ಮಾತ್ರೆ ಮತ್ತು ಹಾಳೆ.

ಸಂಜೆ ಫೋನು ಮಾಡುವ ಕೆಲಸ ನಿನ್ನ ಪಾಲಿಗೆ ಬಂತು. ಇವರು ನನ್ನ ದೊಡ್ಡಮ್ಮ ಅಂತ ನೀನು ಮೊದಲೇ ಹೇಳಿದ್ದೆಯಂತೆ. ಇರೋದೇ ಇಬ್ಬರು ನರ್ಸು, ಬರೀ ನಂಬರು ಕೇಳೋದು ತಾನೇ, ಇರಲಿ ಬಿಡು ಅಂತ ತಾವೇ ಅಂದದ್ದು, ಅನ್ನಬಾರದಿತ್ತು ಅಂತ ಸಿಸ್ಟರ್ ನನ್ನ ಎದುರಿಗೇ ಹೇಳಿಕೊಂಡರು. ಅದಕ್ಕೆ ನಾನು ಸಮಾಧಾನ ಹೇಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ನಾನಲ್ಲ.

ಹೋದ ತಿಂಗಳು ಆಸ್ಪತ್ರೆಯ ಮಹಡಿಯಲ್ಲಿ ಸಭೆ ಮಾಡಿದರು. ಮನೆಗೆ ಹೋಗಿ ಕಲಿಸಿದವರ ನೋವು ಕಡಿಮೆ ಇತ್ತು, ನಿದ್ದೆ ಚೆನ್ನಾಗಿತ್ತು, ಪರೀಕ್ಷೆ ಗೆದ್ದಿತು ಅಂತ ದೊಡ್ಡ ಡಾಕ್ಟರ್ ಓದಿದರು. ಕುರ್ಚಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಯಾಕೆ ತಟ್ಟಿದೆನೋ ಗೊತ್ತಿಲ್ಲ.

ನನ್ನ ಪಕ್ಕ ಕೂತಿದ್ದವನು ಒಬ್ಬ ಕ್ಷೌರಿಕ. ಅವನ ಹೆಂಡತಿಗೂ ಇದೇ ಕಾಯಿಲೆಯಿತ್ತು, ಅವರದು ಕಲಿಸುವ ಗುಂಪು. ಬಿಸ್ಕತ್ತು ಟೀಗೆ ಅದ್ದಿಕೊಳ್ಳುತ್ತ ಅಂದ, "ಏನಿಲ್ಲ ಅಣ್ಣಾ, ಸಣ್ಣ ಸಣ್ಣ ವಿಷಯ. ಸ್ನಾನ ಮಾಡಿಸೋಕೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಡಿ ಅಂದ್ಲು ಆ ನರ್ಸಮ್ಮ. ನಾವು ಮೊದಲು ಸ್ನಾನ ಮಾಡಿಸಿ ಆಮೇಲೆ ಕೊಡ್ತಿದ್ವಿ. ಆಮೇಲೆ ಮಂಡಿ ಮಧ್ಯೆ ಒಂದು ದಿಂಬು, ಬೆನ್ನಿಗೆ ಒಂದು ಮಡಚಿದ ಕಂಬಳಿ."

"ಇಷ್ಟೇನಾ?" ಅಂದೆ.

"ಇಷ್ಟೇ. ಆದ್ರೆ ಹೇಳಿಕೊಡೋರು ಬೇಕಲ್ಲ. ತೆಳ್ಳಗಿನ ಹುಡುಗಿ, ಮಾತು ಮಾತ್ರ ಚೂಪು. ನನ್ನ ಹೆಂಡತಿ ತುಟಿ ಕಚ್ಚಿಕೊಂಡಿದ್ರೆ ನನ್ನನ್ನೇ ಬೈತಿದ್ಲು. ನೋವು ಬಂದ ಮೇಲೆ ಅದರ ಹಿಂದೆ ಓಡ್ತೀರಲ್ಲ, ಬರೋಕೆ ಮುಂಚೆ ಏನು ನಿದ್ದೆ ಮಾಡ್ತಿದ್ರಾ ಅಂತ."

ನೀನೇ. ನಾನು ಎದ್ದು ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತೆ. ನಿನ್ನ ಮೇಲೆ ಕೋಪ ಬರಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ಬಂತು. ಅವಳನ್ನು ಬೆಳಿಗ್ಗೆ ಎಬ್ಬಿಸಿ ಸ್ನಾನಕ್ಕೆ ಕರಕೊಂಡು ಹೋಗುತ್ತಿದ್ದವನು ನಾನು. ಬಚ್ಚಲ ಬಾಗಿಲ ಹತ್ತಿರ ಬಂದರೆ ನನ್ನ ತೋಳನ್ನು ಹಿಡಿಯುತ್ತಿದ್ದಳಲ್ಲ, ಆ ಹಿಡಿತ ಈಗಲೂ ಇಲ್ಲಿದೆ. ನೀರು ಬಿಸಿಯಾಯಿತೋ ತಣ್ಣಗಾಯಿತೋ ಅಂತ ನಾನು ಬೈಸಿಕೊಳ್ಳುತ್ತಿದ್ದೆ. ಬೈಗುಳವೆಲ್ಲ ನೀರಿಗೆ ಅಂದುಕೊಂಡಿದ್ದೆ. ಮಾತ್ರೆ ಆಮೇಲೆ ಕೊಡುತ್ತಿದ್ದೆ, ಕಾಫಿಯ ಜೊತೆ.

ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಾಗಲೇ ನೆನಪಾದದ್ದು ಇನ್ನೊಂದು. ಒಂದು ಭಾನುವಾರ ನೀನು ಬಂದಿದ್ದೆ. ಕೆಲಸಕ್ಕಲ್ಲ, ಮನೆಮಗಳಾಗಿ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೀನು ಬೀರುವಿನ ಮೇಲಿನ ದಿಂಬು ತೆಗೆದುಕೊಂಡು ಅವಳ ಕಾಲ ಹತ್ತಿರ ಬಂದು ನಿಂತೆ. ನಾನು ಬಾಗಿಲಲ್ಲಿದ್ದೆ, ನೀನು ನೋಡಲಿಲ್ಲ. ದಿಂಬಿನ ಕವರಿನ ಅಂಚನ್ನು ಬೆರಳಲ್ಲಿ ಸರಿ ಮಾಡಿದೆ. ಎರಡು ಸಲ ಮಾಡಿದೆ. ಆಮೇಲೆ ಹಾಗೇ ತೆಗೆದುಕೊಂಡು ಹೋಗಿ ಬೀರುವಿನ ಮೇಲಿಟ್ಟೆ. ಹೊರಗೆ ಬಂದು "ಬಸ್ಸಿಗೆ ಹೊತ್ತಾಯ್ತು ದೊಡ್ಡಪ್ಪ" ಅಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಹುಡುಗಿಗೆ ದೊಡ್ಡಮ್ಮನ ಹತ್ತಿರ ಕೂರಲೂ ಪುರುಸೊತ್ತಿಲ್ಲ ಅಂತ ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಹಳೇ ದಾರದ ತುಂಡಿಗೆ ಹೊಸ ದಾರದ ಒಂದು ಹೊಲಿಗೆಯನ್ನೂ ಹಾಕಬಾರದು, ಹಾಕಿದರೆ ಪರೀಕ್ಷೆ ಕೆಟ್ಟಿತು. ಅದನ್ನು ನಿನಗೆ ಕಲಿಸಿದವಳು ಅವಳೇ. ದಾರದ ವಿಷಯದಲ್ಲಿ ಕಲಿಸಿದಳು. ನೀನು ಅವಳ ವಿಷಯದಲ್ಲೇ ಪಾಲಿಸಿದೆ. ಅವಳ ಎದುರಿಗೆ ಇದನ್ನು ಇಟ್ಟಿದ್ದರೆ ಸರಿ ಅನ್ನುತ್ತಿದ್ದಳು, ಅಷ್ಟೂ ಅವಳನ್ನು ಬಲ್ಲೆ. ನಾನು ಸರಿ ಅನ್ನುವುದಿಲ್ಲ. ಒಂದು ದಿಂಬು ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ತಪ್ಪು ಅಂತಲೂ ಬಾಯಿಗೆ ಬರುತ್ತಿಲ್ಲ. ಆ ಕ್ಷೌರಿಕ ಹೊರಡುವಾಗ ನನ್ನ ಹತ್ತಿರ ಬಂದು ಅಂದ, "ನಮ್ಮವಳು ಹೋಗೋ ದಿನ ಬೆಳಿಗ್ಗೆ ಸ್ನಾನ ಮಾಡಿ ತಲೆ ಬಾಚಿಸ್ಕೊಂಡ್ಲು." ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು. ಅಂಥ ಬೆಳಗು ನಮ್ಮ ಮನೆಗೆ ಬರಲಿಲ್ಲ. ಇನ್ನು ಎಷ್ಟೋ ಮನೆಗೆ ಬರಬೇಕು, ನೀನು ಅಲ್ಲಿ ಕತ್ತರಿ ಬೇಯಿಸುತ್ತ ಕೂತರೆ ಯಾರು ಹೋಗಿ ಹೇಳುತ್ತಾರೆ?

ವಾಪಸ್ ಬಾ. ಕ್ಲಾಸಿನ ಕೋಣೆ ನಿನಗೆ ಖಾಲಿ ಮಾಡಿಕೊಡುತ್ತೇನೆ, ಮೆಷಿನ್‌ಗಳನ್ನು ಅಂಗಡಿಗೆ ಸಾಗಿಸುತ್ತೇನೆ. ಬಾಡಿಗೆಯವನಿಗೆ ಹೇಳಿದ್ದನ್ನು ನಿನಗೆ ಹೇಳುವುದಿಲ್ಲ. ಬಸ್ಸಿಳಿದ ಮೇಲೆ ಆಟೋ ಮಾಡಬೇಡ, ನಾನೇ ಬಂದು ನಿಲ್ಲುತ್ತೇನೆ.

ಊಟ ಸರಿಯಾಗಿ ಮಾಡು. ಆ ಬೇಯಿಸುವ ಕೋಣೆಯ ಹಬೆಯಲ್ಲಿ ನಿಂತು ನಿಂತು ನಿನ್ನ ಕೂದಲು ಉದುರೀತು, ಮೊದಲೇ ಇಷ್ಟೇ ಇದೆ. ಎಲ್ಲಿದ್ದರೂ ಚೆನ್ನಾಗಿರು, ಕೈ ತುಂಬ ಕೆಲಸವಿರಲಿ, ಕಣ್ಣು ತುಂಬ ನಿದ್ದೆಯಿರಲಿ. ಅಕ್ಷರ ತಿದ್ದಿಕೊಂಡು ಓದು.

ನಿನ್ನ
ದೊಡ್ಡಪ್ಪ

ಮರೆತಿದ್ದೆ ಅಂತ ಕೆಳಗೆ ಬರೆಯುತ್ತಿಲ್ಲ. ಬರೆಯಲೋ ಬೇಡವೋ ಅಂತ ಮೂರು ದಿನ ಲಕೋಟೆ ಅಂಟಿಸದೆ ಇಟ್ಟಿದ್ದೆ.

ಅವಳ ಆರು ಅಂದರೆ ಬೇರೆಯವರ ಹತ್ತು, ಅದು ನನಗೆ ಹೊಳೆಯಲಿಲ್ಲ ಅಂತ ನೀನು ನಿನ್ನನ್ನೇ ತಿನ್ನುತ್ತಿದ್ದೀಯ. ಹಾಗಲ್ಲ. ಆ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಂಜೆ ನಿನ್ನ ಫೋನಿಗೆ ಆರು ಅಂದಳು, ಇನ್ನೊಂದು ಕೈಯಲ್ಲಿ ಮಂಚದ ಪಟ್ಟಿ ಹಿಡಿದಿದ್ದಳು, ಬೆರಳು ಬೆಳ್ಳಗಾಗಿತ್ತು. ನೀನು ಫೋನಿಟ್ಟ ಮೇಲೆ ನಾನು ಕೇಳಿದೆ, ಇದು ಆರೇನೇ ಅಂತ. "ಅಲ್ಲ. ಆದ್ರೆ ಏಳು ಅಂದ್ರೆ ನಾಳೆಯಿಂದ ಆ ಡಾಕ್ಟರ್ ಫೋನ್ ಮಾಡ್ತಾನೆ. ಅವನ ಹತ್ರ ನಾನೇನು ಮಾತಾಡ್ಲಿ? ಗುಂಡುಸೂಜಿ ಕೆಲಸ ಅಂತಾದ್ರೂ ದಿನಾ ಸಂಜೆ ಫೋನ್ ಮಾಡ್ತಾಳೆ. ಅದು ತಪ್ಪಬಾರದು. ನೀವು ಅವಳಿಗೆ ಹೇಳಿದ್ರೆ ನನ್ನಾಣೆ" ಅಂದಳು. ನಾನು ಡಾಕ್ಟರಿಗೆ ಹೇಳ್ತೀನಿ ಅಂದೆ. ಅವಳು ಗೋಡೆಯ ಕಡೆ ತಿರುಗಿದಳು, ಬೆಳಗಾಗುವವರೆಗೂ ನನ್ನ ಕೈಯ ನೀರು ಮುಟ್ಟಲಿಲ್ಲ. ನಾನು ಹೇಳಲಿಲ್ಲ.

ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದವನು ನಾನು. ನನಗೆ ಒಂದು ದಿನವೂ ತಾನಾಗಿ ನಂಬರು ಹೇಳಲಿಲ್ಲ. ಇಡೀ ದಿನ ಗಡಿಯಾರ ನೋಡುತ್ತಿದ್ದಳು, ನಿನ್ನ ಫೋನಿಗೆ.

ಈಗ ನನ್ನದನ್ನು ಕೇಳುವವರಿಲ್ಲ. ಕೇಳಿದರೆ ನಾನು ಅವಳ ಹಾಗೆ ಸುಳ್ಳು ಹೇಳುವುದಿಲ್ಲ, ಏಳರ ಮೇಲೇ ಹೇಳುತ್ತೇನೆ. ಬರುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಬರಿ. ಫೋನು ಬೇಡ, ನಾನು ಬರೆದಿದ್ದೇನೆ, ನೀನೂ ಬರಿ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.