ಹುಟ್ಟಿದ್ದೆಲ್ಲಿ ಎಂದು ಹೇಳದೆ ಮಾರಿದ ಹಲ್ಲಿ

ವನ್ಯಪ್ರಾಣಿ ಪರವಾನಗಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯಲ್ಲಿ ಸಾಕಲು ತಂದ ಒಂದು ಹಲ್ಲಿ ಇದೆ. ಅದನ್ನು ಇಟ್ಟುಕೊಂಡರೆ ಅಪರಾಧ. ಮಾರಿದರೆ ಅಪರಾಧ. ಯಾರಿಗಾದರೂ ಸುಮ್ಮನೆ ಕೊಟ್ಟರೂ ಅಪರಾಧ. ಹಿಡಿದ ಜಾಗಕ್ಕೇ ಒಯ್ದು ಬಿಟ್ಟರೆ ಇನ್ನೂ ದೊಡ್ಡ ಅಪರಾಧ. ಊಟ ಹಾಕದೆ ಸಾಯಿಸಿದರೆ ಅದಕ್ಕೆ ಬೇರೆಯದೇ ಕಾನೂನು. ಇಷ್ಟನ್ನೂ ನನಗೆ ತಿಳಿಸಿದ್ದು ನಿಮ್ಮ ಕಚೇರಿಯೇ. ಹಾಗಾದರೆ ನಾನು ಮಾಡಬೇಕಾದ್ದೇನು ಎಂದು ಕೇಳಿದರೆ, ಗುರುವಾರ ನಿಮ್ಮವರು ಬರುವ ತನಕ ‘ಯಥಾಸ್ಥಿತಿ ಕಾಪಾಡಿ’ ಎಂದಿರಿ. ಅಂದರೆ ಇಟ್ಟುಕೊಳ್ಳಬಾರದ್ದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು! ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಗತಿ ನನ್ನದು. ಉಗುಳಬೇಡ, ನುಂಗಲೂ ಬೇಡ ಎಂದು ಎದುರಿಗೆ ಕೂತು ಹೇಳುವ ಕೆಲಸ ನಿಮ್ಮದು.

ನಾನು ಹೆಚ್ಚು ಓದಿದವಳಲ್ಲ. ಎಳೆವಯಸ್ಸಿನಲ್ಲೇ ಶಾಲೆ ಬಿಟ್ಟು ಕುರಿ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಅಡುಗೆಗೆ ನಿಂತೆ. ನನ್ನ ಗಂಡ ಕ್ಲೆಮ್ ಅದೇ ಶೆಡ್ಡುಗಳಲ್ಲಿ ಕತ್ತರಿ ಹಿಡಿದವನು, ಬೆನ್ನು ಮುರಿದುಕೊಂಡು ಬಿಟ್ಟವನು. ಈಗ ಊರೊಳಗೆ ಬಾಡಿಗೆ ಮನೆ. ಮಾಲೀಕರು ನಾಯಿ ಕೂಡದು ಎಂದರು. ಜನ್ಮವೆಲ್ಲ ನಾಯಿಗಳ ಜೊತೆ ಮಾತಾಡಿಕೊಂಡಿದ್ದ ಗಂಡಸು, ನಾಯಿ ಇಲ್ಲದ ಮೇಲೆ ನನ್ನ ಜೊತೆಗೂ ಮಾತು ನಿಲ್ಲಿಸಿದ. ಹಲ್ಲಿಗೆ ಅಡ್ಡಿಯಿಲ್ಲ ಎಂದರು ಮಾಲೀಕರು. ಸರಿ, ನಿಮ್ಮ ಪರವಾನಗಿ ಮಾಡಿಸಿಕೊಂಡು, ಸರೀಸೃಪ ಮಾರುವವರ ಸಂತೆಗೆ ಹೋದೆವು.

ಅಲ್ಲಿ ಒಂದೊಂದು ಡಬ್ಬದ ಮೇಲೂ ಒಂದೊಂದು ಮಂತ್ರ. ‘ಹೆಟ್’ ಅಂತೆ, ಮೈಮೇಲೆ ಕಾಣದ ಬಣ್ಣ ರಕ್ತದಲ್ಲಿ ಅಡಗಿದೆ ಎಂದು ಅರ್ಥವಂತೆ. ‘ಪ್ರೂವನ್’ ಅಂತೆ, ಹಿಂದೆ ಮರಿ ಹಾಕಿಸಿದ್ದಾಗಿದೆ ಎಂದಂತೆ. ನಾವು ಮೆಚ್ಚಿದ್ದು ನಮ್ಮ ಕಡೆ ನಿದ್ದೆಬುರುಕ ಎಂದು ಕರೆಯುವ, ಗೇಣಿಗೂ ಉದ್ದದ ಹಲ್ಲಿ; ಅದರ ಡಬ್ಬದ ಮೇಲೆ ‘1.0.0, ದೀರ್ಘಕಾಲ ಬಂಧನದಲ್ಲಿರುವುದು’ ಎಂದಿತ್ತು. ಮಾರುವವನ ಹೆಸರು ಗ್ಯಾರಿಕ್.

“ಇದೇನೋ ಹುಡುಗಾ, ಫೋನ್ ನಂಬರಿನ ಬಾಲವಾ?” ಎಂದೆ.

“ಅಯ್ಯೋ ಅಜ್ಜಿ, ಗಂಡು ಒಂದು, ಹೆಣ್ಣು ಸೊನ್ನೆ, ಯಾವುದೂಂತ ಗೊತ್ತಿಲ್ಲದ್ದು ಸೊನ್ನೆ. ನಮ್ಮಲ್ಲಿ ಹಂಗೇ ಬರೆಯೋದು.”

“ಸೋಮವಾರ ನಮ್ಮೂರ ಪಬ್ಬಲ್ಲೂ ಅದೇ ಲೆಕ್ಕ,” ಎಂದ ಕ್ಲೆಮ್ ಹಿಂದಿನಿಂದ. ಅವನ ಬಾಯಿಂದ ಪೂರ್ತಿ ಒಂದು ಮಾತು ಬಂದದ್ದು ಕೇಳಿ ನನಗೆ ಆ ಹಲ್ಲಿಯನ್ನು ಅಲ್ಲೇ ಎತ್ತಿಕೊಳ್ಳೋಣ ಅನ್ನಿಸಿತು.

“ಈ ದೀರ್ಘಕಾಲ ಬಂಧನ ಅಂದರೆ?”

“ಮನೆಗೆ ಒಗ್ಗಿದೆ ಅಜ್ಜಿ. ಕೊಟ್ಟಿದ್ದು ತಿನ್ನುತ್ತೆ.”

ಪಕ್ಕದ ಡಬ್ಬದ ಮೇಲೆ ‘ಬಂಧನದಲ್ಲಿ ಹುಟ್ಟಿದ್ದು’ ಎಂದಿತ್ತು. ಎರಡೂ ಒಂದೇ ಅಂದುಕೊಂಡೆ. ನೀವು ಅಂದುಕೊಳ್ಳುತ್ತಿರಲಿಲ್ಲವೇ? ಹುಟ್ಟಿದ್ದು ಎಲ್ಲೋ, ಹಿಡಿದು ತಂದದ್ದು ಎಲ್ಲಿಂದಲೋ, ಕೂಡಿಹಾಕಿ ಬಹಳ ದಿನವಾಗಿದೆ ಅನ್ನುವುದನ್ನೇ ಗುಣವೆಂದು ಬರೆದು ಮಾರುತ್ತಾರೆ ಎಂದು ಯಾರಿಗೆ ಹೊಳೆಯಬೇಕು?

ನಾನು ಕುರಿಗಳ ನಡುವೆ ಬೆಳೆದವಳು. ನಮ್ಮಲ್ಲಿ ಬೋರ್ಡು ಓದಿ ಯಾರೂ ಕುರಿ ಕೊಳ್ಳುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಹಲ್ಲಿಯನ್ನೂ ಹಾಗೇ ಎತ್ತಿ ಹಿಡಿದೆ. ಬಿಡಿಸುವ ಮೊದಲೇ ಅದು ತಾನಾಗಿ ಬಾಯಿ ಅಗಲಿಸಿ, ನೀಲಿ ನಾಲಿಗೆ ಪೂರ್ತಿ ಹೊರಚಾಚಿ ತೋರಿಸಿತು. “ನೋಡೋ ಕ್ಲೆಮ್, ಕುರಿಗಿಂತ ಇದಕ್ಕೆ ಮರ್ಯಾದೆ ಗೊತ್ತು!” ಎಂದೆ. ಮರ್ಯಾದೆಯಂತೆ! ಹತ್ತಿರ ಬಂದರೆ ಕಚ್ಚುತ್ತೇನೆ ಎಂದು ಆ ಮೂಕಪ್ರಾಣಿ ಹೆದರಿ ಕೂಗುತ್ತಿತ್ತು. ಅಲ್ಲಿದ್ದವರಲ್ಲಿ ನಿಜ ಹೇಳಿದ್ದು ಅದೊಂದೇ. ಅದನ್ನೂ ನಾನು ಕುರಿ ಭಾಷೆಯಲ್ಲಿ ಓದಿಕೊಂಡೆ.

ಮನೆಗೆ ತಂದೆವು. ಶೆಡ್ಡುಗಳಲ್ಲಿ ನಾನು ಕೆಂಡದಲ್ಲಿ ಸುಡುತ್ತಿದ್ದ ಡ್ಯಾಂಪರ್ ರೊಟ್ಟಿ ಕರಿಕಾದ ಹಾಗಿದೆ ಎಂದು ಕ್ಲೆಮ್ ಅದಕ್ಕೆ ಡ್ಯಾಂಪರ್ ಎಂದೇ ಹೆಸರಿಟ್ಟ. ಬಾಳೆಹಣ್ಣು ಹಿಚುಕಿ ಇಟ್ಟ, ಹಿತ್ತಲಲ್ಲಿ ಬಸವನಹುಳು ಆರಿಸಿ ತಂದ, ಮಾತಾಡಿದ. ಒಂದು ದಿನ ಅದರ ಕಿವಿಯ ಗುಳಿಯಲ್ಲಿ ಉಣುಗು ಕಂಡಿತು. ಗಾಜಿನ ಪೆಟ್ಟಿಗೆಯಲ್ಲೇ ಹುಟ್ಟಿದ ಪ್ರಾಣಿಗೆ ಕಾಡಿನ ಉಣುಗು ಎಲ್ಲಿಂದ ಬಂತು? ನಾಯಿಯದಾಗಿದ್ದರೆ ಚಿಮಟದಲ್ಲಿ ಕಿತ್ತೆಸೆಯುತ್ತಿದ್ದೆ. ಹಲ್ಲಿಯದು, ಕೇಳಿಯೇ ಮುಟ್ಟೋಣ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಡಬ್ಬದ ಮೇಲಿದ್ದ ಮಾತನ್ನೂ ಓದಿ ಹೇಳಿದೆ. ಹಾಗಾದರೆ ಇದು ಕಾಡಿನಿಂದ ಹಿಡಿದದ್ದು, ಪರವಾನಗಿ ಇದಕ್ಕೆ ಸಲ್ಲದು ಎಂದಿರಿ. ಅಲ್ಲಿಗೆ ಬೋನಿನ ಬಾಗಿಲು ಬಿತ್ತು.

ಗ್ಯಾರಿಕ್‌ಗೂ ಫೋನ್ ಮಾಡಿ ಜಾಡಿಸಿದೆ. “ನಾನೇನು ಸುಳ್ಳು ಬರೆದ್ನಾ ಅಜ್ಜಿ? ಹುಟ್ಟಿದ್ದು ಅಂತ ಬರೆದಿದ್ನಾ?” ಎಂದ. “ಎಲ್ಲಿ ಹಿಡಿದೆ, ಅದನ್ನ ಬೊಗಳು,” ಎಂದೆ. ಕೊನೆಗೆ ಬಾಯಿಬಿಟ್ಟ: “ಗೋಧಿ ಗೋದಾಮಿನ ರಸ್ತೆ ತಿರುವಲ್ಲಿ. ಹೋದ ವಸಂತಕ್ಕೂ ಹಿಂದಿನ ವಸಂತ. ಹಿಂದೇನೇ ಇನ್ನೊಂದು ಬರ್ತಿತ್ತು. ಅದನ್ನ ಬಿಟ್ಟೆ.”

ಹಿಂದೆ ಬರುತ್ತಿದ್ದದ್ದು ಯಾರೆಂದು ನಿಮ್ಮಂಥ ಪಂಡಿತರಿಗೆ ನಾನು ಹೇಳಬೇಕಿಲ್ಲ. ವರ್ಷವೆಲ್ಲ ಒಂಟಿ ತಿರುಗಿ, ವಸಂತ ಬಂದರೆ ಹಳೆಯ ಜೋಡಿಯನ್ನೇ ಹುಡುಕಿ ಹೋಗುವ ಜಾತಿ ಅದು. ಈಗ ವಸಂತ. ಡ್ಯಾಂಪರ್ ಬೆಳಗಿನಿಂದ ಗಾಜಿನ ಒಂದೇ ಬದಿಗೆ ಮೂಗು ಒತ್ತಿ ನಡೆಯುತ್ತಿದೆ.

“ಕಾರಿನ ಕೀ ಕೊಡೇ,” ಎಂದ ಕ್ಲೆಮ್.

“ಕೊಡಲ್ಲ.”

“ತಿರುವಲ್ಲಿ ಬಿಟ್ಟು ಬರ್ತೀನಿ. ಯಾರಪ್ಪಂಗೆ ಗೊತ್ತಾಗುತ್ತೆ?”

“ಆ ಗ್ಯಾರಿಕ್‌ನ ಶೆಡ್ಡಲ್ಲಿ ಹತ್ತಾರು ಹಲ್ಲಿ ಜೊತೆ ಇದ್ದು ಬಂದಿದೆಯೋ ಮಾರಾಯ. ಏನು ರೋಗ ಹೊತ್ತಿದೆಯೋ! ಕಜ್ಜಿ ಕುರೀನ ಮಂದೆಗೆ ಬಿಡ್ತಿದ್ಯಾ ನೀನು?”

ಅವನು ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ಕೂತ. ಅವತ್ತಿನಿಂದ ಮತ್ತೆ ಮಾತಿಲ್ಲ. ನಿಮ್ಮ ನಿಯಮ ಮೂರ್ಖತನದ್ದಾಗಿದ್ದರೆ ನಾನೇ ಕಾರು ಓಡಿಸುತ್ತಿದ್ದೆ. ಅದು ಸರಿಯಾಗಿದೆ. ನನ್ನ ಸಂಕಟ ಇರುವುದೇ ಅಲ್ಲಿ.

ಅಷ್ಟರಲ್ಲಿ ನಿಮ್ಮ ಪತ್ರ ಬಂತು. ಗುರುವಾರ ಪ್ರಾಣಿಯನ್ನು ‘ಮಾನವೀಯ ವಿಲೇವಾರಿಗಾಗಿ’ ವಶಕ್ಕೆ ಪಡೆಯುತ್ತೀರಂತೆ. ಫೋನ್ ಮಾಡಿ ಕೇಳಿದೆ, “ವಿಲೇವಾರಿ ಅಂದರೆ ಕೊಲ್ಲೋದಾ?” “ಅದು ನಮ್ಮ ಪ್ರಮಾಣಿತ ಪದ ಅಮ್ಮಾ,” ಎಂದಿತು ಆ ಕಡೆಯ ದನಿ. ಎಷ್ಟು ಚೆನ್ನಾಗಿದೆ! ಗ್ಯಾರಿಕ್ ಹಿಡಿದು ತಂದದ್ದನ್ನು ಹೇಳದೆ ಮಾರಿದ, ನೀವು ಕೊಲ್ಲುವುದನ್ನು ಹೇಳದೆ ಒಯ್ಯುತ್ತೀರಿ. ನಿಮಗೂ ಸಂತೆಯಲ್ಲಿ ಒಂದು ಮೇಜು ಹಾಕಿಸಿಕೊಡಲೇ?

ನನಗೆ ಬೇಕಾದ್ದು ಇಷ್ಟು. ಒಂದು ಊರಿನ ಕುರಿ ಇನ್ನೊಂದು ಊರಿಗೆ ಹೋಗುವಾಗ ರಕ್ತ ಪರೀಕ್ಷೆ ಮಾಡಿಸಿ ಬಿಡುವ ಪಶುವೈದ್ಯರಿದ್ದಾರೆ. ಈ ಹಲ್ಲಿಗೂ ಮಾಡಿಸಿ. ರೋಗವಿಲ್ಲವೆಂದಾದರೆ, ವಸಂತ ಕಳೆಯುವ ಮೊದಲು ನಿಮ್ಮ ಕೈಯಾರೆ ಆ ತಿರುವಿಗೆ ಬಿಡಿ. ನಾವು ಜೊತೆಗೆ ಬರುವುದೂ ಬೇಡ. ಇನ್ನು ಸಂತೆಯಲ್ಲಿ, ಹುಟ್ಟಿದ್ದೆಲ್ಲಿ, ಹಿಡಿದದ್ದಾದರೆ ಎಲ್ಲಿ ಎಂದು ಮಕ್ಕಳಿಗೂ ತಿಳಿಯುವ ಮಾತಲ್ಲಿ ಬರೆಯದ ಡಬ್ಬ ಮೇಜಿನ ಮೇಲೆ ಏರಬಾರದು. ನಿಮ್ಮ ತಪಾಸಣೆಯವರು ಅಲ್ಲೇ ಚಹಾ ಕುಡಿಯುತ್ತ ತಿರುಗುತ್ತಿದ್ದರಲ್ಲ, ಅವರಿಗೆ ಓದಲು ಬರುವುದಿಲ್ಲವೇ?

ಗುರುವಾರ ಬನ್ನಿ, ಮನೆಯಲ್ಲೇ ಇರುತ್ತೇವೆ. ವೈದ್ಯರನ್ನು ಕರೆದುಕೊಂಡು ಬಂದರೆ ಒಳಗೆ ಕೂರಿಸುತ್ತೇನೆ. ಬರೀ ಚೀಲ ಹಿಡಿದು ಬಂದರೆ, ಹೊಸ್ತಿಲ ಆಚೆ ನಿಂತು, ಕ್ಲೆಮ್‌ನ ಮುಖ ನೋಡಿ, “ಇದನ್ನು ಕೊಲ್ಲೋಕೆ ಬಂದಿದ್ದೇವೆ” ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಪೆಟ್ಟಿಗೆಯನ್ನು ನಾನೇ ತೆರೆದುಕೊಡುತ್ತೇನೆ. ಹೇಳದವರನ್ನು ಒಳಗೆ ಬಿಡುವುದಿಲ್ಲ.

ಇಂತಿ,
ಕೇಳಿಯೇ ಮಾಡೋಣ ಎಂದು ಫೋನ್ ಮಾಡಿ ಕೆಟ್ಟ
ಎಲ್ವಾ ನೋಸ್ಕಿ