ಮೌನಗೌರಿಯ ಮೇಲಿನ ದೂರು

ಮೇಡಂ ಅವರಿಗೆ ನಮಸ್ಕಾರ.

ನಾವೆಲ್ಲ ‘ಮೌನಗೌರಿ’ ಎಂದು ಆಡಿಕೊಳ್ಳುವ ಸಹೋದ್ಯೋಗಿಯ ಮೇಲೆ ಕೊಟ್ಟ ಮೂರು ದೂರುಗಳನ್ನೂ ಹಿಂದಕ್ಕೆ ಪಡೆಯುತ್ತಿದ್ದೇನೆ. ಫೋನ್ ಎತ್ತುವುದಿಲ್ಲ, ಆನ್‌ಲೈನ್ ಮೀಟಿಂಗಿನಲ್ಲಿ ತುಟಿ ಬಿಚ್ಚುವುದಿಲ್ಲ, ಸಬ್‌ಟೈಟಲ್ ಯಾವಾಗಲೂ ತಡ ಎಂದು ಬರೆದಿದ್ದೆ. ನಿನ್ನೆ ಜಗಳವಾಡಲೆಂದೇ ಬಸ್ಸು ಹತ್ತಿ ಆಕೆಯ ಮನೆಗೆ ಹೋದೆ.

ಬಾಗಿಲು ತೆರೆದವರು ಆಕೆಯ ಅತ್ತೆ. “ಆಫೀಸಿನವರಾ? ಕೂತ್ಕೊಳ್ಳಿ, ಕೆಲಸ ಅರ್ಧಕ್ಕೇ ಬಿಟ್ಟು ಬಂದಿದೀನಿ” ಎಂದು ಒಳಗೆ ಹೋದರು. ನಾನೂ ಇಣುಕಿದೆ. ಕಂಪ್ಯೂಟರಿನಲ್ಲಿ ಸಿನಿಮಾ ಓಡುತ್ತಿತ್ತು. ಅತ್ತೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ ಒಂದೊಂದು ಮಾತನ್ನೂ ಸ್ಲೇಟಿನಲ್ಲಿ ಬರೆದು ಸೊಸೆಗೆ ತೋರಿಸುತ್ತಿದ್ದರು. ಆಕೆ ಅದನ್ನು ಟೈಪ್ ಮಾಡುತ್ತಿದ್ದಳು.

ನನ್ನನ್ನು ಕಂಡು ಅತ್ತೆ ಎದ್ದು ಬಂದು, ಸೊಸೆಗೆ ಕೇಳಿಸಬಾರದೆಂಬಂತೆ ಪಿಸುಗುಟ್ಟಿದರು. “ಜ್ವರ ಬಂದು ಎರಡು ಕಿವೀನೂ ಹೋಯ್ತಮ್ಮ, ಎಂಟು ತಿಂಗಳಾಯ್ತು. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಭಯ ಅವಳಿಗೆ. ತಡ ಆಗೋದು ನನ್ನಿಂದ. ನಂಗೆ ಬೇಗ ಬರೆಯೋಕೆ ಬರಲ್ಲ.”

ಜಗಳವಾಡದೆ ಬಸ್ಸು ಹತ್ತಿ ವಾಪಸ್ ಬಂದೆ. ಕಿವಿ ಕೇಳದವರಿಗಾಗಿ ಸಬ್‌ಟೈಟಲ್ ಬರೆದು ಹೊಟ್ಟೆ ಹೊರೆಯುವ ನಾವು ಆರು ಜನ ಎಂಟು ತಿಂಗಳಿಂದ ಆಕೆಗೆ ಫೋನ್ ಮಾಡುತ್ತಲೇ ಇದ್ದೇವೆ. ಒಬ್ಬರಿಗೂ ಹೊಳೆಯಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಆಕೆಯನ್ನು ತೆಗೆಯುತ್ತೀರೆಂದು ಗೊತ್ತಿರುವುದರಿಂದಲೇ ಈ ಗುಟ್ಟು ಬರೆದಿದ್ದೇನೆ. ದಯವಿಟ್ಟು ತೆಗೆಯಬೇಡಿ. ಅಂದು ಎಲ್ಲರ ಮಾತಿಗೂ ಸಬ್‌ಟೈಟಲ್ ಇರಲಿ, ನಾನೇ ಟೈಪ್ ಮಾಡುತ್ತೇನೆ. ತಡವಾದರೆ ನನ್ನ ಮೇಲೆ ದೂರು ಕೊಡಲು ಆಕೆಗೆ ಹೇಳಿ.

ಇತಿ,
ನಿಮ್ಮ ತಂಡದ ಬಾಯಿಬಡುಕಿ