ತೂಕ ಇಳಿಸಿದ ಕೂಸುಗಳಿಗೆ ಮೊದಲ ಬಹುಮಾನ

ಪೌಷ್ಟಿಕ ಆಹಾರ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಬಿಸ್ಕತ್ತು ಕಾರ್ಖಾನೆಯ ಶಿಶುವಿಹಾರದ ಅಡುಗೆಯವಳು. ಹೋದ ತಿಂಗಳ ಎರಡನೇ ಸೋಮವಾರ, ಹರಿದ ಏಪ್ರನ್ ಹಿಡಿದುಕೊಂಡು ನನ್ನ ಹೊಲಿಗೆ ಅಂಗಡಿಗೆ ಬಂದಾಗ. "ಟೈಲರಣ್ಣ, ನಮ್ಮ ಮಕ್ಕಳಿಗೆ ಫಸ್ಟ್ ಪ್ರೈಜ್ ಬಂತು," ಅಂದಳು. ಹಾಡಿಗೋ ಆಟಕ್ಕೋ ಅಂತ ಕೇಳಿದೆ. "ಎರಡಕ್ಕೂ ಅಲ್ಲ. ತೂಕ ಇಳಿಸಿದ್ದಕ್ಕೆ!" ನಾನು ನಕ್ಕೆ. ಅವಳು ನಗಲಿಲ್ಲ. ಒಂದು ವರ್ಷ ದಾಟಿ ಎರಡು ತುಂಬದ ಇಪ್ಪತ್ತೆರಡು ಕೂಸುಗಳಿಗೆ ನಾಲ್ಕು ತಿಂಗಳಿಂದ ಕೆನೆ ತೆಗೆದ ಹಾಲು ಕುಡಿಸಿ, ಅವು ಸೊರಗಿದ್ದಕ್ಕೆ ತಮ್ಮ ಇಲಾಖೆ ಗಾಜಿನ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಟ್ಟಿದೆ. ಆ ಇಪ್ಪತ್ತೆರಡರಲ್ಲಿ ಒಂದು ನನ್ನ ಮೊಮ್ಮಗಳು, ಅದೇ ಕಾರ್ಖಾನೆಯಲ್ಲಿ ದುಡಿಯುವ ನನ್ನ ಮಗಳ ಕೂಸು. ನನ್ನ ದೂರು ಇಷ್ಟೇ.

ಇಷ್ಟೇ ಅಂದಮೇಲೆ ನಿಲ್ಲಿಸಬೇಕಿತ್ತು. ಆದರೆ ನಾನು ಕಥೆ ಕೇಳಿ ಬೆಳೆದವನು, ನಡುವೆ ಬಿಟ್ಟರೆ ನಿದ್ದೆ ಹತ್ತುವುದಿಲ್ಲ. ಅದೂ ಅಲ್ಲದೆ ನಾನು ಬರೆಯುತ್ತಿರುವುದು ಬರೀ ನ್ಯಾಯಕ್ಕಾಗಿ ಅಂದುಕೊಂಡು ತಾವು ನನ್ನನ್ನು ದೊಡ್ಡ ಮನುಷ್ಯ ಮಾಡಿಬಿಡುತ್ತೀರಿ ಎಂಬ ಭಯವೂ ಇದೆ. ನನ್ನ ಕೈಗೆ ಪೆನ್ನು ಕೊಟ್ಟಿದ್ದು ಹೊಟ್ಟೆಕಿಚ್ಚು, ಸ್ವಾಮಿ. ಅಪ್ಪಟ, ನೀರು ಬೆರೆಸದ, ಕೆನೆ ತೆಗೆಯದ ಹೊಟ್ಟೆಕಿಚ್ಚು.

ನನಗೊಬ್ಬ ಷಡ್ಡಕ ಇದ್ದಾನೆ, ನನ್ನಾಕೆಯ ತಂಗಿಯ ಗಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಎಲ್ಲದರಲ್ಲೂ ನನಗಿಂತ ಒಂದು ಗೇಣು ಮುಂದೆ. ನಾನು ಸೈಕಲ್ ಕೊಂಡರೆ ಅವನು ಮೋಟಾರು ಬೈಕು. ನನ್ನ ತಲೆ ಬೋಳಾದರೂ ಅವನಿಗೆ ಇನ್ನೂ ಬಾಚಣಿಗೆ ಮುರಿಯುವಷ್ಟು ಕೂದಲು. ಕೊನೆಗೆ ಇಬ್ಬರಿಗೂ ಹನ್ನೊಂದು ದಿನದ ಅಂತರದಲ್ಲಿ ಮೊಮ್ಮಗಳು ಹುಟ್ಟಿದಾಗ, ಸದ್ಯ ಇದೊಂದರಲ್ಲಾದರೂ ಸಮವಾದೆವಲ್ಲ ಅಂತ ಉಸಿರು ಬಿಟ್ಟೆ. ನನ್ನವಳನ್ನು ನಾವು ಗುಬ್ಬಿ ಅನ್ನುತ್ತೇವೆ, ಅವನವಳನ್ನು ಅವರು ಪೈಲ್ವಾನ್ ಅನ್ನುತ್ತಾರೆ. ಹೆಸರಿಟ್ಟಾಗ ಇಬ್ಬರೂ ಒಂದೇ ಗಾತ್ರ ಇದ್ದರು, ನನ್ನ ಅಳತೆ ಪುಸ್ತಕದಲ್ಲಿ ಬರೆದಿದ್ದೇನೆ.

ಕೂಸುಗಳಿಗೆ ಫ್ರಾಕ್ ಹೊಲಿಯುವಾಗ ಎದೆಯ ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಡುವುದು ನನ್ನ ಪದ್ಧತಿ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತೇನೆ. ವರ್ಷ ತುಂಬಿದಾಗ ಒಂದೇ ಬಟ್ಟೆಯಲ್ಲಿ, ಒಂದೇ ದಿನ, ಇಬ್ಬರಿಗೂ ಫ್ರಾಕ್ ಹೊಲಿದೆ. ಎರಡು ತಿಂಗಳಿಗೆ ಷಡ್ಡಕ ಬಂದು ಪೈಲ್ವಾನಳ ಫ್ರಾಕನ್ನು ಮೇಜಿನ ಮೇಲೆ ಎಸೆದ. "ಭಾವ, ಸ್ವಲ್ಪ ಬಿಡಿಸಿಕೊಡಿ. ಉಸಿರಾಡೋಕಾಗ್ತಿಲ್ಲ ನಮ್ಮ ಹುಡುಗಿಗೆ." ಬಿಡಿಸಿಕೊಟ್ಟೆ. ಮತ್ತೆ ಎರಡು ತಿಂಗಳಿಗೆ ಬಂದ. "ಇನ್ನೇನಾದ್ರೂ ಒಳಗೆ ಬಟ್ಟೆ ಉಳಿದಿದೆಯಾ, ಭಾವ? ನಿಮ್ಮ ಗುಬ್ಬೀದು ಬಿಡಿಸಿದ್ರಾ?" ಬಿಡಿಸಿದೆ ಅಂತ ಸುಳ್ಳು ಹೇಳಿದೆ. ನಿಜ ಹೇಳಬೇಕೆಂದರೆ, ಆ ವಾರವೇ ಗುಬ್ಬಿಯ ಫ್ರಾಕ್ ಭುಜದಿಂದ ಜಾರುತ್ತಿದೆಯೆಂದು ನನ್ನ ಮಗಳು ತಂದುಕೊಟ್ಟಿದ್ದಳು. ನಾನು ಬಾಗಿಲು ಮುಂದೆ ಮಾಡಿಕೊಂಡು ಒಂದು ಬೆರಳು ಒಳಗೆ ಹಿಡಿದು ಹೊಲಿದಿದ್ದೆ. ಬೆಳೆಯುವ ಮಗುವಿನ ಬಟ್ಟೆಯನ್ನು ಬಿಗಿ ಮಾಡಿದ್ದು ನನ್ನ ನಲವತ್ತು ವರ್ಷದ ಕಸುಬಿನಲ್ಲಿ ಅದೇ ಮೊದಲು. ನನ್ನವಳ ತೂಕ ಒಂಬತ್ತು ಕಿಲೋ ಆರುನೂರು ಇದ್ದದ್ದು ಒಂಬತ್ತು ಮುನ್ನೂರಕ್ಕೆ ಇಳಿದಿತ್ತು. ಅವನವಳು ಹನ್ನೊಂದರ ಹತ್ತಿರ ಇದ್ದಳು.

ಏಕೆ ಹೀಗೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ತಮ್ಮ ಸುತ್ತೋಲೆ. ಕಾರ್ಖಾನೆಗಳ ಕ್ಯಾಂಟೀನಿನಲ್ಲಿ ಕೂತು ಉಂಡು ಬೊಜ್ಜು ಬಂದವರಿಗಾಗಿ ತಾವು 'ಹಗುರ ದೇಹ' ಎಂಬ ಅಭಿಯಾನ ಮಾಡಿ, ಕ್ಯಾಂಟೀನಿಗೆ ಕೆನೆ ತೆಗೆದ ಹಾಲೇ ಬರಲಿ ಅಂದಿರಿ. ಒಳ್ಳೆಯದೇ. ಶಿಶುವಿಹಾರ ಇರುವುದು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಎರಡಕ್ಕೂ ಒಂದೇ ಒಲೆ, ಒಂದೇ ಹಾಲಿನ ಕ್ಯಾನು. ಹಾಗಾಗಿ ಕೂಸುಗಳೂ ಫಲಾನುಭವಿಗಳಾದವು. ಗಂಜಿಯೂ ಅದೇ ಹಾಲಿನಲ್ಲಿ ಬೆಂದಿತು. ತಮ್ಮ ನಮೂನೆಯಲ್ಲಿ ಇದ್ದದ್ದು ಒಂದೇ ಕಾಲಂ: 'ಇಳಿಸಿದ ತೂಕ, ಶೇಕಡಾವಾರು'. ತೊಂಬತ್ತು ಕಿಲೋದ ಫೋರ್‌ಮನ್ ಒಂದು ಕಿಲೋ ಇಳಿಸಿದರೆ ಲೆಕ್ಕಕ್ಕೆ ಎಷ್ಟಾಯಿತು? ನನ್ನ ಗುಬ್ಬಿ ಮುನ್ನೂರು ಗ್ರಾಂ ಇಳಿಸಿ ಅವನನ್ನು ಎಲ್ಲೋ ಹಿಂದೆ ಹಾಕಿದಳು. ತಮ್ಮ ಕಚೇರಿಯಲ್ಲಿ ಇಷ್ಟು ಜನ ಕೂತು ಕೂಡಿ, ಭಾಗಿಸಿ, ಮೊಹರು ಒತ್ತುವಾಗ 'ವಯಸ್ಸು' ಎಂಬ ಕಾಲಂ ಇಲ್ಲದ್ದು ಒಬ್ಬರ ಕಣ್ಣಿಗಾದರೂ ಬೀಳಲಿಲ್ಲವೇ?

ಪೈಲ್ವಾನ್ ಹೋಗುವ ಬಸ್ ಡಿಪೋದ ಶಿಶುವಿಹಾರಕ್ಕೂ ಅದೇ ಸುತ್ತೋಲೆ ಹೋಗಿತ್ತು. ಅಲ್ಲಿನ ಮೇಲ್ವಿಚಾರಕಿ ಅದನ್ನು ಓದದೆ ಬಿಸಿ ಪಾತ್ರೆ ಇಳಿಸಲು ಮಡಚಿಟ್ಟುಕೊಂಡಿದ್ದಾರಂತೆ. ಅಷ್ಟೇ ಪೈಲ್ವಾನಳ ಪುಣ್ಯ. ಸೋಮಾರಿತನಕ್ಕೂ ಒಂದು ಪ್ರಶಸ್ತಿ ಇಡಿ ಮಾನ್ಯರೇ, ಈ ವರ್ಷ ಮಕ್ಕಳನ್ನು ಕಾಪಾಡಿದ್ದು ಅದೇ.

ನಾನು ಕೆನೆ ತೆಗೆದ ಹಾಲಿನ ವೈರಿಯಲ್ಲ. ನನ್ನ ಹೊಟ್ಟೆ ನೋಡಿ ಡಾಕ್ಟರು ಅದನ್ನೇ ಕುಡಿಯಲು ಹೇಳಿದ್ದಾರೆ, ಕುಡಿಯುತ್ತಿದ್ದೇನೆ. ಕೆನೆ ಹೋದರೂ ಪ್ರೋಟೀನು, ಕ್ಯಾಲ್ಸಿಯಂ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಕೊಬ್ಬಿನ ಜೊತೆ ಅದರಲ್ಲಿ ಕರಗಿದ ಎ, ಡಿ ಜೀವಸತ್ವಗಳೂ ಹೊರಡುತ್ತವೆ, ಮತ್ತೆ ಬೆರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಸುವೂ ಕಡಿಮೆಯಾಗುತ್ತದೆ. ನನಗೆ ಅದು ಲಾಭ. ಅಂಗೈಯಗಲದ ಹೊಟ್ಟೆಯವಳಿಗೆ? "ಎರಡು ತುಂಬೋವರೆಗೆ ಕೆನೆ ಇರೋ ಹಾಲೇ ಕೊಡಬೇಕು, ಮಿದುಳು ಬೆಳೆಯೋಕೂ ಕೊಬ್ಬು ಬೇಕು," ಅಂದರು ಮಕ್ಕಳ ಡಾಕ್ಟರು. ಹಲ್ಲು ಬರುವ ಕಾಲ, ಎರಡು ಸಲ ನೆಗಡಿ, ಅದೂ ಸೇರಿರಬಹುದು ಎಂದೂ ಅಂದರು. ಅದನ್ನೂ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ಆದರೆ ಇಪ್ಪತ್ತೆರಡಕ್ಕೂ ಒಟ್ಟಿಗೇ ಹಲ್ಲು ಬಂತೇ?

ತಮ್ಮ ಕಚೇರಿಗೂ ಹೋಗಿದ್ದೆ. ಕೌಂಟರಿನ ಗುಮಾಸ್ತರು ಕಡತ ನೋಡಿ, "ಇಳಿದಿದೆಯಲ್ಲ ಅಜ್ಜಾ, ಒಳ್ಳೇದೇ ಅಲ್ವಾ?" ಅಂದರು.

"ಮಗು ಕಣಪ್ಪ ಅದು."

"ಮಗು ಅಂತ ಇಲ್ಲಿ ಬರೆದಿಲ್ಲ. ಫಲಾನುಭವಿ ಅಂತಿದೆ."

ಅವರ ಮೇಜಿನ ಮೇಲಿದ್ದ ಕಾಫಿ ಗಟ್ಟಿ ಹಾಲಿನದು, ಮೇಲೆ ಕೆನೆ ಕಟ್ಟಿತ್ತು. ಆ ಲೋಟದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ನಾನು ಕೇಳುವುದು ಇದು. ಈ ವಾರದೊಳಗೆ ಶಿಶುವಿಹಾರದ ಹಾಲನ್ನು ಕ್ಯಾಂಟೀನಿನ ಹಾಲಿನಿಂದ ಬೇರೆ ಮಾಡಿ, ಎರಡು ತುಂಬದ ಮಕ್ಕಳಿಗೆ ಕೆನೆ ಸಮೇತ ಕೊಡಿ. ಇಪ್ಪತ್ತೆರಡು ಮಕ್ಕಳನ್ನೂ ಡಾಕ್ಟರಿಂದ ತಪಾಸಣೆ ಮಾಡಿಸಿ. ಆ ಪ್ರಶಸ್ತಿಪತ್ರವನ್ನು ತಮ್ಮವರೇ ಬಂದು ಗೋಡೆಯಿಂದ ಇಳಿಸಿಕೊಂಡು ಹೋಗಲಿ, ತಾಯಂದಿರ ಎದುರಿಗೇ.

ನಿನ್ನೆ ಸಂಜೆ ಪಾಳಿ ಮುಗಿಸಿ ಬಂದ ತಾಯಂದಿರನ್ನು ಅಂಗಡಿಯಲ್ಲಿ ಕೂರಿಸಿ ಇಲ್ಲಿಯವರೆಗಿನದನ್ನು ಓದಿ ಹೇಳಿದೆ. ಫ್ರಾಕ್ ಬಿಗಿ ಮಾಡಿದ ಸಂಗತಿ ನನ್ನ ಮಗಳಿಗೂ ಗೊತ್ತಿರಲಿಲ್ಲ. ಬರೀ ಗುಂಡಿಯ ಜಾಗ ಬದಲಿಸಿರಬೇಕು ಅಂದುಕೊಂಡಿದ್ದಳಂತೆ. ಕೇಳಿ ಮುಗಿಸಿ ಎಲ್ಲರೂ ಎದ್ದು ಮನೆಗೆ ಹೋದರು. ಇವತ್ತು ಬೆಳಿಗ್ಗೆ ಒಬ್ಬೊಬ್ಬರೂ ಮನೆಯಿಂದ ಒಂದೊಂದು ಲೋಟ ಗಟ್ಟಿ ಹಾಲು ತಂದು ಶಿಶುವಿಹಾರದ ಪಾತ್ರೆಗೆ ಸುರಿದರು. ಇಲ್ಲಿನ ಮೇಲ್ವಿಚಾರಕಿ ಕಿಟಕಿಯ ಕಡೆ ತಿರುಗಿ ನಿಂತು, "ನಾನೇನೂ ನೋಡಲಿಲ್ಲ," ಅಂದರು. ಅಡುಗೆಯವಳು ಒಲೆ ಹಚ್ಚಿದಳು. ಅಷ್ಟರಲ್ಲಿ ನನ್ನಾಕೆಯಿಂದ ಸುದ್ದಿ ತಿಳಿದ ಷಡ್ಡಕ ಮೋಟಾರು ಬೈಕಿನಲ್ಲಿ ಐದು ಲೀಟರಿನ ಕ್ಯಾನು ಕಟ್ಟಿಕೊಂಡು ಬಂದ. "ಮೊದಲೇ ಹೇಳಬಾರದಿತ್ತಾ ಭಾವ, ನಾನೇನು ಹೊರಗಿನವನಾ?" ಅಂದ. ನಾನು ತಂದ ಲೋಟ ಅವನ ಕ್ಯಾನಿನ ಪಕ್ಕದಲ್ಲಿ ಕಾಣಿಸಲೇ ಇಲ್ಲ. ಗುಬ್ಬಿ ಒಂದು ಲೋಟ ಮುಗಿಸಿ, ಬಾಯಿಯ ಸುತ್ತ ಬಿಳಿ ಮಾಡಿಕೊಂಡು, ಇನ್ನೊಂದಕ್ಕೆ ಕೈ ಚಾಚಿದಳು. ಕುಡಿದದ್ದು ಅವನ ತೊಡೆಯ ಮೇಲೆ ಕೂತು.

ಇಂತಿ,
ಎದುರು ನಿಂತು ಲೋಟ ಹಿಡಿದುಕೊಂಡಿದ್ದ
ಅವಳ ಸ್ವಂತ ಅಜ್ಜ